ಕಾಗೆ ಮುಟ್ಟದ ಕರದಂಟು

ಆತ್ಮ ಎಂಬುದೊಂದಿದೆ ಎಂದು ನಾನು ನಂಬಿದವನಲ್ಲ. ಹುಕ್ಕೇರಿ ತಾಲ್ಲೂಕಿನಲ್ಲಿ, ಯಮಕನಮರಡಿಯ ಆಚೆಯ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ವಿಜ್ಞಾನ ಕಲಿಸುತ್ತಿರುವ ಮಾಸ್ತರ ನಾನು. ಹೃದಯಕ್ಕೆ ನಾಲ್ಕೇ ಕೋಣೆ, ಆತ್ಮಕ್ಕೆಂದು ಅಲ್ಲಿ ಐದನೆಯದನ್ನು ಯಾರೂ ಕಟ್ಟಿಸಿಲ್ಲ ಎಂದು ಪ್ರತಿ ವರ್ಷ ಹೇಳುತ್ತೇನೆ. ಪ್ರವಚನಕ್ಕೆ ಹೋದರೂ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಆತ್ಮಕ್ಕೆ ಹಸಿವಿಲ್ಲ, ನೀರಡಿಕೆಯಿಲ್ಲ, ಆಸೆಯಂತೂ ಇಲ್ಲವೇ ಇಲ್ಲ ಎಂದು ಸ್ವಾಮಿಗಳು ಹೇಳಿದಾಗ ತಲೆದೂಗುವ ಜನವೇ, ಮನೆಯಲ್ಲಿ ಯಾರಾದರೂ ತೀರಿಕೊಂಡ ಮೂರನೇ ದಿನ ಹೋಳಿಗೆ, ಬದನೆಕಾಯಿ ಪಲ್ಯ, ಎಲೆಯಡಿಕೆ ಇಟ್ಟು, ಆ ಆತ್ಮ ಕಾಗೆಯಾಗಿ ಬಂದು ಉಣ್ಣಲೆಂದು ಕಾಯುತ್ತದೆ. ಆಸೆಯಿಲ್ಲದವನಿಗೆ ಎಲೆಯಡಿಕೆ ಯಾಕ್ರೀ ಎಂದು ಕೇಳಿ ಎಷ್ಟೋ ಮನೆಗಳಲ್ಲಿ ಊಟ ಕಳೆದುಕೊಂಡಿದ್ದೇನೆ.

ಮೂಡಲಗಿ ಹತ್ತಿರ ಹೊಲದ ಮನೆಯಲ್ಲಿದ್ದ ನನ್ನ ಕಾಕಾ, ಅಂದರೆ ಅಪ್ಪನ ತಮ್ಮ, ನನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು. ಅವನಿಗೆ ಸಕ್ಕರೆ ಕಾಯಿಲೆ ಬಂದ ಮೇಲೆ ಸಿಹಿ ಬಿಡಿಸಿ ಅವನ ಬಾಯಿಗೆ ಬೀಗ ಹಾಕಿದವನೂ ನಾನೇ. ಒಂದು ದಿನ ಫೋನಿನಲ್ಲಿ ದನಿ ತಗ್ಗಿಸಿ ಹೇಳಿದ: "ತಮ್ಮಾ, ಬರೂಮುಂದ ಗೋಕಾಕದಾಗ ಇಳಿದು ಕರದಂಟು ತಗೊಂಡು ಬಾ. ಒಂದಽ ತುಣುಕು ತಿಂತೇನಿ. ನಿನ್ನ ಕಾಕಿಗೆ ಹೇಳಬ್ಯಾಡ." ನನ್ನ ಮನಸ್ಸು ಕರಗಿತು. ಕೊಬ್ಬರಿ, ಅಂಟು, ಬೆಲ್ಲದ ಆ ಸಿಹಿಯನ್ನು ಅರ್ಧ ಕಿಲೋ ಕೊಂಡು ಮೂಡಲಗಿ ಬಸ್ಸು ಹತ್ತಿದೆ. ತಾಜಾ ಇದೆಯೋ ಇಲ್ಲವೋ ಎಂದು ಒಂದು ತುಣುಕು ಪರೀಕ್ಷಿಸಿದೆ. ಒಂದೇ ಪ್ರಯೋಗದಿಂದ ತೀರ್ಮಾನಕ್ಕೆ ಬರಬಾರದೆಂದು ಮಕ್ಕಳಿಗೆ ಹೇಳಿಕೊಡುವವನು ನಾನು. ಊರು ಮುಟ್ಟುವಷ್ಟರಲ್ಲಿ ಡಬ್ಬಿಯಲ್ಲಿ ಪುಡಿ ಮಾತ್ರ ಉಳಿದಿತ್ತು. "ಅಂಗಡಿ ಬಂದ್ ಇತ್ತು ಕಾಕಾ" ಅಂದೆ. "ಇರಲಿ ಬಿಡಪಾ, ಮತ್ತೊಮ್ಮೆ ತರೀಯಂತ" ಅಂದ. ಎರಡು ವಾರಕ್ಕೆ ತೀರಿಕೊಂಡ. ಅಷ್ಟು ಸಣ್ಣ ಸುಳ್ಳು ಇಷ್ಟು ಭಾರವಾಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಮೂರನೇ ದಿನ ಹೊಲದಲ್ಲಿ, ಅವನನ್ನು ಮಣ್ಣು ಮಾಡಿದ ಜಾಗಕ್ಕೆ ಹಾಲು-ತುಪ್ಪ ಬಿಟ್ಟು ಎಡೆ ಇಟ್ಟೆವು. ಈ ಸಲ ನಾನು ಡಬ್ಬಿ ಬಿಚ್ಚದೆ ತಂದ ಕರದಂಟನ್ನೂ ಕಾಕಿ ಎಲೆಯ ಮೇಲಿಟ್ಟಳು. ಬೇವಿನ ಮರದ ತುಂಬ ಕಾಗೆಗಳಿದ್ದವು, ಒಂದೂ ಕೆಳಗಿಳಿಯಲಿಲ್ಲ. ಕಾಗೆ ಮುಟ್ಟಲಿಲ್ಲವೆಂದರೆ ಹೋದವನಿಗೆ ಏನೋ ಆಸೆ ಉಳಿದಿದೆ ಎಂದು ನಮ್ಮಲ್ಲಿ ಲೆಕ್ಕ. ಆಗ ಇದ್ದವರು ಒಬ್ಬೊಬ್ಬರಾಗಿ ಮುಂದೆ ಬಂದು ಅವನಿಗೆ ಮಾತು ಕೊಡಬೇಕು. ಕಾಕಾನ ಮಗ ಬಂದು, "ಯಪ್ಪಾ, ಇವತ್ತಿನಿಂದ ಗುಟ್ಕಾ ಬಿಟ್ಟೆ" ಅಂದ. ಕಾಗೆಗಳಿಗೂ ನಂಬಿಕೆ ಬರಲಿಲ್ಲವೇನೋ, ಕದಲಲಿಲ್ಲ. ಪಕ್ಕದ ಹೊಲದವನು ಟೊಪ್ಪಿಗೆ ತೆಗೆದು, "ಬದು ನಿಮ್ಮದಽ ಇತ್ತೋ ಮಾರಾಯಾ, ನಾನಽ ಸರಿಸಿದ್ದೆ" ಎಂದು ಒಪ್ಪಿಕೊಂಡ. ಹತ್ತು ವರ್ಷ ಕೋರ್ಟಿನಲ್ಲಿ ಬಗೆಹರಿಯದ್ದು ಕಾಗೆಯ ಮುಂದೆ ಬಗೆಹರಿಯಿತು. ಆದರೆ ಕಾಗೆ ಮಾತ್ರ ಬರಲಿಲ್ಲ. ಕಾಕಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ಉಪಾಸ ಹೊಂಟಾನ ನೋಡ್ರಿ" ಎಂದು ಅಳತೊಡಗಿದಳು.

ನನಗೆ ತಡೆಯಲಾಗಲಿಲ್ಲ. ಎಡೆ ಇಟ್ಟಾಗಿನಿಂದ ಎಲೆಯ ಪಕ್ಕದಲ್ಲೇ ನಿಂತಿದ್ದವನು, ಕಾಗೆಯ ಸ್ವಭಾವ, ಅದರ ಹಸಿವಿನ ವೇಳೆ, ಆತ್ಮದ ಬಗ್ಗೆ ಯಾವ ಧರ್ಮ ಏನು ಹೇಳುತ್ತದೆ, ಅದರಲ್ಲಿ ಎಷ್ಟು ಪೊಳ್ಳು ಎಂಬುದನ್ನೆಲ್ಲ ಕೈ ಬೀಸಿ ಬೀಸಿ ವಿವರಿಸಿದೆ. ಕಾಕಿ ಕಣ್ಣೊರೆಸಿಕೊಂಡು, "ತಮ್ಮಾ, ಸಾಲಿ ಸಾಕು. ನೀ ಏನರ ಅವಗ ಮಾತು ಕೊಟ್ಟಿದ್ದೇನು, ಅದನ್ನ ಹೇಳು" ಅಂದಳು. ಇಡೀ ಊರು ನನ್ನತ್ತ ತಿರುಗಿತು. ಇಲ್ಲವೆಂದು ಹೇಳಬಹುದಿತ್ತು. ಆದರೆ ಅವಳ ಮುಖ ನೋಡಿದ ಮೇಲೆ ನಾಲಗೆ ಹೊರಳಲಿಲ್ಲ. ಮಣ್ಣಿನ ದಿನ್ನೆಯ ಕಡೆ ತಿರುಗಿ, "ಕಾಕಾ, ಅಂಗಡಿ ತೆಗೆದಿತ್ತು. ಕರದಂಟು ನಾನಽ ತಿಂದೆ" ಅಂದೆ.

ಕಾಕಿಯೇ ಮೆಲ್ಲಗೆ, "ಅವಗ ಅವತ್ತಽ ಗೊತ್ತಾಗಿತ್ತು. ನಿನ್ನ ಮೀಸಿಗೆ ಕೊಬ್ರಿ ಹತ್ತಿತ್ತಂತ. ನಕ್ಕೊಂತ ಮಲಗಿದ" ಅಂದಳು. ಆಗ ಕುರಿ ಕಾಯುವ ಲಕ್ಷ್ಮಪ್ಪಜ್ಜ ಹಿಂದಿನಿಂದ ಕೆಮ್ಮಿದ. "ಮಾಸ್ತರ, ಸಿಟ್ಟಾಗಬ್ಯಾಡ್ರಿ. ನೀವು ಆಗಿನಿಂದ ಎಲಿ ಬಾಜೂಕ ನಿಂತು ಕೈ ಬೀಸಾಕತ್ತೀರಿ. ಕಾಗಿ ಹೆಂಗ ಬರಬೇಕ್ರಿ? ಒಂದೀಟು ಹಿಂದ ಸರೀರಿ."

ಸರಿದೆ. ನಾನು ಹತ್ತು ಹೆಜ್ಜೆ ಹೋಗಿದ್ದೆನೋ ಇಲ್ಲವೋ, ಒಂದು ಮುದಿ ಕಾಗೆ ಇಳಿದು ಬಂತು. ಜನ ಕೈಮುಗಿದರು. ಅದು ಹೋಳಿಗೆ ಬಿಟ್ಟು, ಪಲ್ಯ ಬಿಟ್ಟು, ನೇರ ಕರದಂಟಿಗೆ ಬಾಯಿ ಹಾಕಿತು. ಒಂದು ತುಣುಕು ಮುಗಿಸಿ ಎರಡನೆಯದನ್ನು ಕಚ್ಚಿತು. ಇದಕ್ಕೂ ಆತ್ಮಕ್ಕೂ ಸಂಬಂಧವಿಲ್ಲವೆಂದು ವಿವರಿಸಲು ನಾನು ಬಾಯಿ ತೆರೆದೆ.

"ಒಂದಽ ಸಾಕು ಕಾಕಾ," ಅಂದುಬಿಟ್ಟೆ, "ಶುಗರ್ ಐತಿ ನಿನಗ."