ಅನಾಮಿಕ ಅಳಿಯ

"ನಾನು ಯಾರು ಅಂತ ಸಾಕ್ಷಾತ್ ಪರಶಿವ ಇಳಿದು ಬಂದ್ರೂ ಪತ್ತೆ ಹಚ್ಚೋಕಾಗಲ್ಲ ಕಣೋ ಜಮೀರಾ!"

ಬಾಳ್ಳುಪೇಟೆಯ ಪಂಪ್‌ಸೆಟ್ ಅಂಗಡಿಯ ಮೃತ್ಯುಂಜಯ ಮೇಜು ಕುಟ್ಟಿ ಸಾರಿದ. ಪಕ್ಕದ ಮೊಬೈಲ್ ಅಂಗಡಿಯ ಜಮೀರ್ ಅವನ ಲ್ಯಾಪ್‌ಟಾಪಿಗೆ ಆಗಷ್ಟೇ ಒಂದು ತಂತ್ರಾಂಶ ಹಾಕಿಕೊಟ್ಟಿದ್ದ. ಪೂರ್ತಿ ಪುಕ್ಕಟೆ! ನಡುವೆ ಯಾವ ಕಂಪನಿಯ ಮೂಗೂ ಇಲ್ಲ. ಫೈಲು ಒಬ್ಬರ ಕಂಪ್ಯೂಟರಿನಿಂದ ಇನ್ನೊಬ್ಬರದಕ್ಕೆ ನೇರವಾಗಿ, ಗುಟ್ಟಾಗಿ ಹೋಗುತ್ತದೆ. ಕಳಿಸಿದವನ ಹೆಸರು ಕೇಳುವವರಿಲ್ಲ, ಊರು ಕೇಳುವವರಿಲ್ಲ. ಮೃತ್ಯುಂಜಯ ಅದರಲ್ಲಿ ಇರುಳಲ್ಲಷ್ಟೇ ಹೊರಬರುವ ಪುಟ್ಟ ಪ್ರಾಣಿ 'ಕಾಡುಪಾಪ'ದ ಹೆಸರಿಟ್ಟುಕೊಂಡು ಮೀಸೆ ತಿರುವಿದ.

ಇಷ್ಟೊಂದು ಗುಟ್ಟು ಯಾಕೆ ಬೇಕಾಯಿತು ಅಂದರೆ, ಅವನಲ್ಲೊಂದು ಮಹಾವಿದ್ಯೆ ಇತ್ತು. ಮಿಮಿಕ್ರಿ! ಅದರಲ್ಲೂ ಮಾವ ಲಿಂಗಪ್ಪನವರ ಫೋನ್ ಸಂಭಾಷಣೆಯೇ ಅವನ ಮೇರುಕೃತಿ. ಲಿಂಗಪ್ಪನವರದು ಹೆತ್ತೂರಿನ ಕಾಫಿ ತೋಟ. ಅಲ್ಲಿ ಸಿಗ್ನಲ್ ಸಿಗಬೇಕಾದರೆ ಗುಡ್ಡ ಹತ್ತಬೇಕು. ಹತ್ತಿದ ಮೇಲೆ ಅವರು ಆಡುವ ಮಾತಿಗೆ ಫೋನೇ ಬೇಕಿಲ್ಲ, ಸಕಲೇಶಪುರಕ್ಕೆ ನೇರವಾಗಿ ಕೇಳುತ್ತದೆ.

"ಹಲೋ! ಯಾರು? ನಾನು ಕಣೋ! ನಾನಂದ್ರೆ ನಾನೇ! ಕೇಳುಸ್ತೈತಾ? ಕೇಳುಸ್ತಿಲ್ಲ ಅಂದ್ರೆ ಕೇಳುಸ್ತಿಲ್ಲ ಅಂತ ಹೇಳು!"

ಹೆಂಡತಿ ನೇತ್ರಾವತಿ ಅಡುಗೆಮನೆಯಲ್ಲಿದ್ದಾಗ ಮೃತ್ಯುಂಜಯ ಕೋಣೆ ಬಾಗಿಲು ಹಾಕಿಕೊಂಡು ಇದನ್ನು ರೆಕಾರ್ಡ್ ಮಾಡಿದ. ಜಮೀರನಿಗೆ ಮಾತ್ರ ಕಳಿಸಬೇಕಿತ್ತು. ಗಡಿಬಿಡಿಯಲ್ಲಿ ಬೆರಳು 'ಎಲ್ಲರಿಗೂ' ಎಂಬ ಕಡೆ ಒತ್ತಿಬಿಟ್ಟಿತು!

ಮಾರನೆಯ ಬೆಳಿಗ್ಗೆ ಹೋಟೆಲಿಗೆ ಹೋದರೆ, ಮಾವ ಅಲ್ಲೇ ಕೂಗುತ್ತಿದ್ದಾರೆ! ಬೆಚ್ಚಿ ಕೈಮುಗಿದ. ನೋಡಿದರೆ ಲಾರಿ ಡ್ರೈವರನೊಬ್ಬ ಫೋನ್ ಎತ್ತಿ ಹಿಡಿದಿದ್ದಾನೆ, ಸುತ್ತ ಕೂತವರು ಬಾಯಲ್ಲಿದ್ದ ಕಾಫಿ ಉಗುಳಿ ನಗುತ್ತಿದ್ದಾರೆ. ಬಂದ ಗಿರಾಕಿಗಳ ಫೋನಿಗೆಲ್ಲ ಜಮೀರ್ ಅದೇ ತಂತ್ರಾಂಶ ಹಾಕಿಕೊಟ್ಟಿದ್ದನಂತೆ, ಪರೋಪಕಾರಿ!

ಮೃತ್ಯುಂಜಯ ಓಡಿಬಂದು ಲ್ಯಾಪ್‌ಟಾಪಿನಿಂದ ಎಲ್ಲವನ್ನೂ ಅಳಿಸಿದ. ಆಮೇಲೆ ಜಮೀರನ ಮುಂದೆ ನಿಂತ.

"ಅಳಿಸ್ಬಿಟ್ಟೆ ಕಣೋ! ಹೋಯ್ತಲ್ವಾ?"

"ನಿಮ್ಮ ಹತ್ರ ಇದ್ದದ್ದು ಹೋಯ್ತು ಜಯಣ್ಣ. ಆದ್ರೆ ತಗೊಂಡೋರೆಲ್ಲ ಈಗ ಬೇರೆಯೋರಿಗೆ ಕೊಡ್ತಾವ್ರೆ. ಅದು ಹಂಗೇ, ಒಬ್ಬ ತಗೊಂಡ್ರೆ ಅವನೂ ಹಂಚ್ತಾನೆ."

"ಅಯ್ಯೋ! ಪಕ್ಕದ ಆಲೂರಿಗೂ ಹೋಗೈತಾ?"

"ಆಲೂರೇನು ಬಂತು, ಹೆತ್ತೂರಿಗೇ ಹೋಗ್ಬುಟ್ಟೈತೆ!"

ಮೃತ್ಯುಂಜಯ ಹೊತ್ತಿಗೆ ಮುಂಚೆಯೇ ಅಂಗಡಿ ಬಾಗಿಲೆಳೆದ. ಮನೆಗೆ ಬಂದರೆ ನೇತ್ರಾವತಿ ಬಾಗಿಲಲ್ಲೇ ಹೇಳಿದಳು. "ರೀ, ನಾಳೆ ಅಪ್ಪ ಬರ್ತಾರಂತೆ. ಅದ್ಯಾರೋ ಕಾಡುಪಾಪ ಅಂತೆ, ಅವನನ್ನ ಹುಡುಕಿ ವಿಚಾರಿಸ್ಕೋಬೇಕಂತೆ."

ವಿಚಾರಿಸಿಕೊಳ್ಳುವುದು! ಮಾವ ಒಮ್ಮೆ ಕಾಟ ಕೊಡುತ್ತಿದ್ದ ಕಾಡುಹಂದಿಯನ್ನು 'ವಿಚಾರಿಸಿಕೊಂಡಿದ್ದು' ಅವನಿಗೆ ನೆನಪಾಯಿತು.

ಲಿಂಗಪ್ಪನವರು ಬಂದರು. ಕೈಯಲ್ಲೊಂದು ಉದ್ದನೆಯ ಚೀಲ. ಕತ್ತಿಯೇ ಇರಬೇಕು ಅಂದುಕೊಂಡು ಮೃತ್ಯುಂಜಯ ಸೋಫಾದ ಹಿಂದಕ್ಕೆ ಸರಿದ. ಚೀಲದಿಂದ ಹೊರಬಂದದ್ದು ಒಂದು ಬಾಟಲಿ ಕಾಡುಜೇನು, ಒಂದು ಜರಿ ಶಾಲು!

"ಅಳಿಯಂದ್ರೇ, ಎಂಥಾ ಕಲಾವಿದ ಕಣ್ರೀ ಅವ್ನು! ತೋಟದ ಲೆಕ್ಕ ಬರೆಯೋ ರೈಟರಿಂದ ಹಿಡಿದು ಲೈನ್‌ಮನೆ ಕೂಲಿ ಆಳುಗಳ ತನಕ ನನ್ನ ನೋಡಿ ನಗ್ತಾವ್ರೆ. ಮೊದಲು ಸಿಟ್ಟು ಬಂತು. ಆಮೇಲೆ ನಾನೇ ಕೇಳಿ ಕೇಳಿ ಬಿದ್ದು ಬಿದ್ದು ನಕ್ಕೆ! ಆ ಪುಣ್ಯಾತ್ಮಂಗೆ ಒಂದು ಸನ್ಮಾನ ಮಾಡ್ಬೇಕು. ಎಲ್ಲವ್ನೆ?"

ಮೃತ್ಯುಂಜಯನ ಎದೆ ಗೋಬರ್ ಗ್ಯಾಸಿನ ಡ್ರಮ್ಮಿನ ಹಾಗೆ ಮೇಲೆದ್ದಿತು. ಸೋಫಾದ ಹಿಂದಿನಿಂದ ಎದ್ದ.

"ಮಾವ, ಅದು ನಾನೇ!"

ಲಿಂಗಪ್ಪನವರು ಅವನನ್ನೇ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ನೀವಾ! ನನ್ನ ಮುಂದೆ ಒಂದು ಲೋಟ ನೀರು ಕೇಳೋಕೂ ತೊದಲ್ತೀರಿ! ಎಲ್ಲಿ, ಒಂದ್ಸಲ ಮಾಡಿ ನೋಡುವಾ."

ಮೃತ್ಯುಂಜಯ ಗಂಟಲು ಸರಿಮಾಡಿಕೊಂಡ. ಎದುರಿಗೆ ಅಸಲಿ ಮಾವ ಕಣ್ಣು ಬಿಟ್ಟು ಕೂತಿದ್ದಾರೆ. "ಹ... ಹಲ್... ಓ..." ಎಂದಿತು ಗಂಟಲು.

"ಇದು ನಾನಲ್ಲ, ನೆಗಡಿಯಾದ ಮೇಕೆ!" ಎಂದರು ಲಿಂಗಪ್ಪ.

ಸಾಕ್ಷಿ ತೋರಿಸೋಣವೆಂದರೆ ಲ್ಯಾಪ್‌ಟಾಪಿನಲ್ಲಿ ಏನೂ ಉಳಿದಿಲ್ಲ. ಜಮೀರನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದ. "ಜಮೀರಾ, ಕಾಡುಪಾಪ ಯಾರು ಅಂತ ಹೇಳೋ ಮಾರಾಯ!"

"ಜಯಣ್ಣ, ತಲೆ ಹೋದ್ರೂ ಹೇಳಲ್ಲ! ಪರಶಿವ ಬಂದು ಕೇಳಿದ್ರೂ ಅಷ್ಟೇ!" ಎಂದ ಆ ನಂಬಿಕಸ್ಥ. ಫೋನ್ ಇಟ್ಟೇಬಿಟ್ಟ.

ಕೊನೆಗೆ ಮೃತ್ಯುಂಜಯ ಅಡುಗೆಮನೆಗೆ ನುಗ್ಗಿದ. "ನೇತ್ರಾ, ಅದು ನಾನೇ ಕಣೆ! ನೀನಾದ್ರೂ ನಂಬು!"

"ನಂಗೆ ಮೊದಲೇ ಗೊತ್ತು," ಎಂದಳು ಅವಳು ಮೆಲ್ಲಗೆ. "ಅದರಲ್ಲಿ ನಮ್ಮ ಕುಕ್ಕರ್ ಕೂಗಿದ್ದು ಕೇಳಿಸ್ತು. ನಮ್ಮಪ್ಪನ್ನ ಊರೆಲ್ಲ ನಗೋ ಹಂಗೆ ಮಾಡಿದ್ರಲ್ಲ, ಇವತ್ತು ನೀವು ಸ್ವಲ್ಪ ಅನುಭವಿಸಿ ಅಂತ ಸುಮ್ನಿದ್ದೀನಿ."

ಅಷ್ಟರಲ್ಲಿ ಲಿಂಗಪ್ಪನವರು ಜೇನು, ಶಾಲನ್ನು ಮಗಳ ಕೈಗೆ ಕೊಟ್ಟು ಚಪ್ಪಲಿ ಮೆಟ್ಟಿದರು.

"ಮಗಾ, ಆ ಹುಡುಗ ಸಿಕ್ಕಿದ್ರೆ ಇದನ್ನ ಕೊಡು. ಹಂಗೇ ನಮ್ಮ ಅಳಿಯಂದ್ರಿಗೂ ಒಂಚೂರು ಕಲಿಸ್ಕೊಡಪ್ಪಾ ಅಂತ ಹೇಳು. ಪಾಪ, ಆಸೆ ಐತೆ ಅವ್ರಿಗೆ!"

"ಹೇಳ್ತೀನಪ್ಪಾ," ಎಂದಳು ನೇತ್ರಾವತಿ, ಜೇನಿನ ಬಾಟಲಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾ. "ಸಿಕ್ಕಿದ್ರೆ ಹೇಳ್ತೀನಿ."