ಇಬ್ಬರಾಗ ದೆವ್ವ ಯಾವಾಕಿ?

ನಮ್ಮ ಮಾಳಮಡ್ಡಿ ಓಣಿಗೆ ದೆವ್ವ ಬಂತಂದ್ರ ಮೊದಲ ನಮ್ಮ ಮನಿ ಮುಂದನ ಹಾದ ಹೋಗೂದು ನೋಡ್ರಿ, ಅದಕ್ಕೂ ಗೊತ್ತೈತಿ, ಇಲ್ಲೆ ಹೇಳಿದ್ರ ಊರಿಗೆಲ್ಲಾ ಹೇಳಿದಂಗ ಅಂತ. ನಾ ಸಾಲಿ ಲಗೂನ ಬಿಟ್ಟಾಕಿ. ಪುಸ್ತಕ ಓದಬೇಕಂದ್ರ ಅಕ್ಷರದ ಮ್ಯಾಲೆ ಕೈ ಬಟ್ಟ ಇಟಗೊಂಡ ಓದಬೇಕು. ಆದ್ರ ಮಂದಿ ಮಾರಿ ಓದಾಕ ಬಟ್ಟ ಬೇಕಾಗೂದಿಲ್ಲ.

೧. ಗ್ವಾಡ್ಯಾಗಿನ ಅಳು

ನಮಗೂ ಬಾಜೂ ಮನಿಗೂ ನಡಕ ಒಂದ ಗ್ವಾಡಿ. ಆ ಮನ್ಯಾಗ ಇಬ್ಬರು ಹೆಣ್ಣಮಕ್ಕಳು ಬಾಡಗಿಗೆ ಇದ್ರು. ಒಬ್ಬಾಕಿ ಪಡಸಾಲ್ಯಾಗ ಲೈಬ್ರರಿ ಇಟ್ಟಿದ್ಳು. ಕಾದಂಬರಿ, ಕಾಮಿಕ್ಸು, ಸಿನಿಮಾ ಕ್ಯಾಸೆಟ್ಟು, ಎಲ್ಲಾ ಬಾಡಗಿಗೆ. ಇನ್ನೊಬ್ಬಾಕಿ ದವಾಖಾನ್ಯಾಗ ನರ್ಸು. ಗಂಡ-ಹೆಂಡ್ತಿ ಇದ್ದಂಗ ಇದ್ರು. ಒಂದ ಮಾರು ಮಲ್ಲಿಗಿ ತಗೊಂಡು ಹಲ್ಲಿಲೆ ಕಡದು ಇಬ್ಬರೂ ಮುಡಕೊಳ್ಳೂದು ನಾನ ಕಂಡೇನಿ. ಓಣಿಗೆಲ್ಲಾ ಗೊತ್ತಿತ್ತು, ಯಾರೂ ಬಾಯಿಬಿಟ್ಟ ಅಂತಿದ್ದಿಲ್ಲ. ನಾ ಅಂತಿದ್ದೆ, ಆದ್ರ ಅವರ ಮುಂದಲ್ಲ.

ಒಂದಿನ ಮಧ್ಯಾಹ್ನ ಸೋನಿ ಮಳಿ ಹತ್ತಿತ್ತು. ಓಣ್ಯಾಗ ಒಂದ ನಾಯಿ ಸುದ್ದಾ ಇಲ್ಲ. ಗ್ವಾಡಿ ಒಳಗಿಂದ ಒಂದ ಹೆಣ್ಣಿನ ದನಿ ಬಂತು. "ನನ್ನ ಇಲ್ಲೇ ಹುಗೀರಿ... ಅಕಿನ್ನ ಬಿಡ್ರಿ..." ಹಿಂದನ ಗಂಡಸಿನ ನಗು. ಆ ಮನ್ಯಾಗ ಗಂಡಸಂದ್ರ ಕ್ಯಾಲೆಂಡರಿನ ಮ್ಯಾಲೂ ಇರಲಿಲ್ಲರಿ! ಕಸಬರಗಿ ಹಿಡಕೊಂಡು ಹೋಗಿ ಅವರ ಬಾಗಲಾ ದೂಡಿದೆ.

ಒಳಗ ನೋಡಿದ್ರ ನರ್ಸು ಆರಾಮ ಲೈಬ್ರರಿಯಾಕಿ ತೊಡಿ ಮ್ಯಾಲೆ ತಲಿ ಇಟ್ಟ ಮಲಗ್ಯಾಳ. ಈಕಿ ಪುಸ್ತಕ ಹಿಡಕೊಂಡು ಹೆಂಗಸಿನ ಅಳು, ಗಂಡಸಿನ ನಗು, ಕುದರಿ ಕೆನೆತಾ ಎಲ್ಲಾ ತಾನ ಮಾಡಾಕತ್ತಾಳ.

"ಕಾಕೂ, ಕಸಬರಗಿ ಯಾಕ?" ಅಂದ್ಳು.

"ಕಸಾ ಭಾಳ ಬಿದ್ದತಿ ಅಂತ ಬಂದೆ," ಅಂದೆ.

ಮರುದಿನಾ ಗ್ವಾಡಿಗೆ ಕಿವಿ ಹಚ್ಚಿ ಕುಂತೆ, ಆ ಕಥ್ಯಾಗಿನ ಗೆಳತ್ಯಾರಿಬ್ಬರೂ ಓಡಿಹೋಗಿ ಖಾನಾವಳಿ ತಗದ್ರು. ನನಗ ಖುಷಿ ಆತು. ಪುಸ್ತಕ ಇಸಕೊಂಡು ಕಡೀ ಹಾಳಿಗೆ ಬಟ್ಟ ಇಟ್ಟ ಓದಿದೆ. ಖಾನಾವಳಿ ಎಲ್ಲೆ ಐತಿ? ಒಬ್ಬಾಕಿ ಬಾವ್ಯಾಗ ಬಿದ್ದ ಸತ್ತಾಳ, ಇನ್ನೊಬ್ಬಾಕಿಗೆ ಹುಚ್ಚ ಹಿಡದೈತಿ!

ಹೋಗಿ ಕೇಳಿದೆ, "ಯಾಕವಾ, ಸುಳ್ಳ ಓದ್ತಿ?"

"ನಮ್ಮಂಥಾವ್ರು ಪುಸ್ತಕದಾಗ ಬಂದ್ರ ಒಂದಾ ಸಾಯಬೇಕು, ಇಲ್ಲಾ ದೆವ್ವ ಆಗಬೇಕು, ಕಾಕೂ. ಕಾಮಿಕ್ಸಿನ್ಯಾಗ ಬಂದ್ರ ಮಂದಿ ನಗಬೇಕು. ಅದಕ್ಕ ಕಡೀ ಹಾಳಿ ನಾನ ಕಟ್ಟಿ ಓದತೇನಿ," ಅಂದ್ಳು.

ಇರವಲ್ದ್ಯಾಕ, ನನಗೂ ಸಾಯೂ ಕಥಿ ಸೇರೂದಿಲ್ಲ. ಒಂದ ಕರಾರು ಮಾಡಿ ಬಂದೆ. ಒಗ್ಗರಣಿ ಹಾಕೂ ಹೊತ್ತಿನ್ಯಾಗ ಅಳೂದು ಬ್ಯಾಡ, ಚಟಪಟ ಸಪ್ಪಳದಾಗ ಕೇಳೂದಿಲ್ಲ.

೨. ನಾಳೆ ಬಾ

ಆಮ್ಯಾಲ ಆ ದೊಡ್ಡ ದೆವ್ವದ ಸುದ್ದಿ ಬಂತಲ್ರಿ, ನಿಮಗೂ ನೆನಪಿರಬೇಕು. ಪರಿಚಯದವರ ದನೀಲೆ ಬಾಗಲಾ ಬಡೀತೈತಿ, ತಗದ್ರ ಮುಗೀತು. ಬಾಗಲದ ಮ್ಯಾಲೆ 'ನಾಳೆ ಬಾ' ಅಂತ ಬರದ್ರ ಓದಿ ವಾಪಸ್ ಹೊಕ್ಕೈತಿ. ಓಣ್ಯಾಗ ಛಂದ ಅಕ್ಷರ ಲೈಬ್ರರಿಯಾಕೀದು. ಎಲ್ಲಾರ ಬಾಗಲಕ್ಕೂ ಆಕೀನ ಬರದ್ಳು. ತನ್ನ ಬಾಗಲಕ್ಕ ಮಾತ್ರ ಬರೀಲಿಲ್ಲ. ಕೇಳಿದ್ರ, "ಮೊದಲೇ ಪುಸ್ತಕ ಒಯ್ದಾವ್ರು ವಾಪಸ್ ತರೂದಿಲ್ಲ, ಇದನ್ನ ಓದಿದ್ರ ಮುಗದ ಹೋತು," ಅಂದ್ಳು.

ಒಂದಿನ ನಸಕನ್ಯಾಗ ಮಂಜು ಎಷ್ಟ ಬಿದ್ದಿತ್ತಂದ್ರ ಎದರಿನ ಬೇವಿನ ಗಿಡಾನೂ ಕಾಣ್ತಿದ್ದಿಲ್ಲ. ಬಾಗಲಾ ಟಕ್ ಟಕ್ ಅಂತು. ಕಿಡಕ್ಯಾಗ ಹಣಕಿ ನೋಡಿದ್ರ ಬಿಳೇ ಸೀರಿ. ಕಾಲು ಮಂಜಿನ್ಯಾಗ ಮುಳಗ್ಯಾವ, ನೆಲಕ್ಕ ಹತ್ತ್ಯಾವೋ ಇಲ್ಲೋ ತಿಳೀವಲ್ದು. "ಕಾಕೂ... ಬಾಗಲಾ ತಗೀರಿ..." ಗೊಗ್ಗರು ದನಿ. ನಮ್ಮನಿಯವರು ರೈಲ್ವೇ ವರ್ಕಶಾಪಿನ್ಯಾಗ ಕಬ್ಬಿಣಾ ಬಗ್ಗಸಾವ್ರು. ನನ್ನ ಸೆರಗಿನ ಹಿಂದ ನಿಂತು ಒದರಿದ್ರು, "ಬರದದ್ದು ಕಾಣವಲ್ದೇನು? ನಾಳೆ ಬಾ!"

ಹೊರಗಿಂದ ನಿದ್ದಿಗೆಟ್ಟ ನರ್ಸಿನ ದನಿ ಬಂತು. "ನಾಳಿಗೂ ಡ್ಯೂಟಿ ಐತ್ರಿ ಕಾಕಾ, ಚಹಾಕ್ಕ ಹಾಲ ಇವತ್ತ ಕೊಡ್ರಿ!"

೩. ಒಂದ ನೆರಳು

ಲೈಬ್ರರಿಯಾಕಿ ಕಡೆ ವಿಸಿಆರ್ ಇತ್ತು. ಒಂದ ಸಲ ಹೆಂಗಸರೆಲ್ಲಾ ಕೂಡಿ ಒಂದ ಹೆದರಕಿ ಸಿನಿಮಾ ನೋಡಿದ್ವಿ. ಅದರಾಗ ಇಬ್ಬರು ಗೆಳತ್ಯಾರು ಒಂದ ಮನ್ಯಾಗ ಪ್ರೀತೀಲೆ ಇರತಾರ. ಕಡೀಕ ನೋಡಿದ್ರ ಅವರಾಗ ಒಬ್ಬಾಕಿ ಎಂದೋ ಸತ್ತಾಕಿ! ಸಿನಿಮಾ ಮುಗೀತು. ಅವರಿಬ್ಬರ ಬಾಡಗಿ ಮನೀ ಮಾಲಕಿ ಅಜ್ಜಿನೂ ಬಂದಿದ್ಳು. ಮೆತ್ತಗ ತಿರಗಿ ಮೊದಲ ನರ್ಸಿನ್ನ ನೋಡಿದ್ಳು, ಆಮ್ಯಾಲ ಲೈಬ್ರರಿಯಾಕಿನ್ನ ನೋಡಿದ್ಳು. ನನ್ನ ಕಿವ್ಯಾಗ, "ಇವರಿಬ್ಬರಾಗ ಯಾವಾಕಿ?" ಅಂದ್ಳು.

ಅಲ್ಲಿ ತನಕ ಹಂಗ ಇರೂ ಹೆಣ್ಣಮಕ್ಕಳನ್ನ ಅಜ್ಜಿ ಸಿನಿಮಾದಾಗೂ ನೋಡಿದ್ದಿಲ್ಲ. ನೋಡಿದ ಒಂದ ಸಿನಿಮಾದಾಗ ದೆವ್ವ ಇತ್ತು. ಅಂದಮ್ಯಾಲ ಇಲ್ಲೂ ಇರಬೇಕು, ಅಷ್ಟ.

ದೆವ್ವಕ್ಕ ನೆರಳ ಇರೂದಿಲ್ಲಂತ ಹೇಳಿ ಅಜ್ಜಿ ಮರುದಿನಾ ಕಟ್ಟಿ ಮ್ಯಾಲೆ ಕುಂತ್ಳು. ಸಂಜೀ ಬಿಸಲು. ಇಬ್ಬರೂ ಸಂತಿಯಿಂದ ಬರಾಕತ್ತಿದ್ರು. ಅಜ್ಜಿ ನೆಲಾ ನೋಡಿ ಕಿಟಾರಂತ ಚೀರಿದ್ಳು. "ಯವ್ವಾ! ಇಬ್ಬರು ನಡ್ಯಾಕತ್ತಾರ, ನೆರಳ ಒಂದ ಐತಿ!"

ನಾ ನೋಡಿದೆ. ಖರೇನ ಒಂದ ಇತ್ತು. ಆಮ್ಯಾಲ ತಲಿ ಎತ್ತಿದೆ. ಇಬ್ಬರೂ ಒಂದ ಛತ್ರ್ಯಾಗ ಇದ್ರು.

ಎಷ್ಟ ಹೇಳಿದ್ರೂ ಅಜ್ಜಿ ಕೇಳಲಿಲ್ಲ. "ಯುಗಾದಿ ಒಳಗ ಮನಿ ಬಿಡ್ರಿ," ಅಂದ್ಳು. ಲೈಬ್ರರಿಯಾಕಿ ಮಾರಿ ಸಣ್ಣದಾತು. ಇಬ್ಬರು ಹೆಣ್ಣಮಕ್ಕಳಿಗೆ, ಅದೂ ಅಂಥಾವರಿಗೆ, ಬ್ಯಾರೆ ಮನಿ ಯಾರ ಕೊಡಬೇಕ್ರಿ? ನರ್ಸು ಮಾತ್ರ ಹೊಂಟ ನಿಂತ ಅಜ್ಜಿಗೆ ಛತ್ರಿ ಕೊಟ್ಟು ಅಂದ್ಳು, "ಬಿಸಲೈತ್ರಿ ಅಜ್ಜಿ, ಹಿಡಕೊಂಡ ಹೋಗ್ರಿ, ನಿಮ್ಮ ನೆರಳೂ ಸ್ವಲ್ಪ ದಪ್ಪ ಆಗಲಿ."

೪. ಮನಿ ನೋಡಾಕ ಬಂದಾವ್ರು

ಯುಗಾದಿ ಹತ್ರ ಬಂತು. ಮನಿ ನೋಡಾಕ ಸುಳ್ಳ ಅನ್ನೂ ಹಳ್ಳಿ ಕಡೆ ಒಬ್ಬ ಮಾಸ್ತರು ಹೆಂಡ್ತಿನ್ನ ಕರಕೊಂಡ ಬಂದ. ಗ್ವಾಡಿ ಆಚೆ ನನ್ನ ಕಥಿ ಅರ್ಧಕ್ಕ ನಿಂತಿತ್ರಿ. ಈ ಮಾಸ್ತರ ಬಂದ್ರ ನಾ ಏನ ಕೇಳಬೇಕು, ಮಗ್ಗೀನ?

"ಮನಿ ಹೆಂಗೈತ್ರಿ?" ಅಂತ ಆ ಹೆಂಡ್ತಿ ಕೇಳಿದ್ಳು.

"ಮನಿ ಬಂಗಾರದಂಥಾದ್ದು," ಅಂದೆ. "ಮಧ್ಯಾಹ್ನ ಗ್ವಾಡಿ ಒಂಚೂರು ಅಳತೈತಿ. ಅಳಲಿ ಬಿಡ್ರಿ, ಸಮಾಧಾನ ಮಾಡಾಕ ಹೋಗಬ್ಯಾಡ್ರಿ, ಸಲಿಗಿ ಬೆಳಸತೈತಿ."

ಮಾಸ್ತರು ನಕ್ಕ. "ನಾವು ಇಂಥಾದ್ದೆಲ್ಲಾ ನಂಬೂದಿಲ್ಲ." ಆ ಹೊತ್ತಿಗೇ ಒಳಗ ಲೈಬ್ರರಿಯಾಕಿ ಓದಾಕ ಚಾಲೂ ಮಾಡಬೇಕ? ಗ್ವಾಡಿ ಒಳಗಿಂದ ಗಂಡಸಿನ ನಗು ಬಂತು. ಮಾಸ್ತರ ಚಪ್ಪಲಿ ನಮ್ಮ ಕಟ್ಟಿ ಕೆಳಗ ಭಾಳ ದಿನಾ ಇದ್ವು.

೫. ಬಾವಿ

ಮಾಸ್ತರ ಓಡಿದ ಸುದ್ದಿ ಕೇಳಿ ಅಜ್ಜಿ ನಮ್ಮನಿಗೆ ಬಂದ್ಳು. "ಖರೇನ ಗ್ವಾಡಿ ಅಳತೈತೇನ?" ಅಂದ್ಳು. ನಾನು ಅಡಗಿಮನ್ಯಾಗ ಗ್ವಾಡಿಗೆ ಹಚ್ಚಿ ಕಟಗೀ ಮಣಿ ಹಾಕಿ ಕುಂಡ್ರಿಸಿ, "ನೀವ ಕೇಳ್ರಿ," ಅಂತ ಹೇಳಿ, ಒಣ ಹಾಕಿದ ಮೆಣಸಿನಕಾಯಿ ತುಂಬಾಕ ಹಿತ್ತಲಕ್ಕ ಹೋದೆ. ಅಲ್ಲಿಂದ ಅವರಿಬ್ಬರೂ ಕಿಡಕ್ಯಾಗ ಕಾಣತಾರ. ಅವರೂ ನನ್ನ ನೋಡಿ ಕೈ ಮಾಡಿದ್ರು.

ಅವತ್ತ ಲೈಬ್ರರಿಯಾಕಿ ದನಿ ಬ್ಯಾರೆ ಇತ್ತು. ಸಾಮಾನು ಗಂಟ ಕಟ್ಟಿದ್ರು. ಆ ಮೊದಲಿನ ಪುಸ್ತಕಾನ ಮತ್ತ ತಗದಿದ್ಳು, ಕಡೀ ಹಾಳಿ ಬಂದಿತ್ತು. ಕಟ್ಟಿ ಹೇಳೂ ಹುರುಪು ಇಲ್ಲದನ, ಬರದದ್ದನ್ನ ಬರದಂಗ ಓದಾಕ ಹತ್ತಿದ್ಳು. "ಅವಳು ಬಾವಿಯ ಕಡೆಗೆ ನಡೆದಳು... ನೀರು ಕಪ್ಪಗೆ ಕಾಯುತ್ತಿತ್ತು..." ನನ್ನ ಕೈಯಾಗಿನ ಮೆಣಸಿನಕಾಯಿ ಹಂಗ ಉಳದ್ವು. ನರ್ಸು ಕಣ್ಣ ಮುಚ್ಚಿದ್ಳು. "ಒಂದು ಕಾಲು ಎತ್ತಿದಳು..."

"ಸಾಯಿಸಬ್ಯಾಡ್ರೇ ಅಕಿನ್ನ!"

ಗ್ವಾಡಿ ಒದರಿತು. ಮುದಿ ದನಿ, ನಡಗೂ ದನಿ. ಅವರು ನನ್ನ ನೋಡಿದ್ರು, ನಾ ಹಿತ್ತಲದಾಗ ಇದ್ದೆ. ಗ್ವಾಡಿ ನೋಡಿದ್ರು. ಅಷ್ಟ. ನಾಳೆ ಬಾ ಅಂದಾಗ ಹೆದರದಾವ್ರು, ಹೆಣಾ ನೋಡಿ ರೂಢಿ ಇದ್ದ ಆ ನರ್ಸು ಸುದ್ದಾ, ಒಬ್ಬರ ಕೈ ಒಬ್ಬರು ಹಿಡಕೊಂಡು "ದೆವ್ವ! ದೆವ್ವ!" ಅಂತ ಓಣಿಗೆ ಓಡಿ ಬಂದ್ರು.

ನಮ್ಮ ಬಾಗಲದಿಂದ ಅಜ್ಜಿ ಹೊರಗ ಬಂದ್ಳು. ಕಣ್ಣಾಗ ನೀರು.

"ಮನಿ ಬಿಡೂದು ಆಮ್ಯಾಲ ನೋಡೂಣು. ಆ ಹುಡಿಗಿನ್ನ ಮೊದಲ ಬಾವಿ ಕಟ್ಟಿಯಿಂದ ಕೆಳಗ ಇಳಸು. ಪುಸ್ತಕ ಮುಗೀಲಿ, ಆವಾಗ ಬಿಡ್ರಂತ."

ಲೈಬ್ರರಿಯಾಕಿ ನನ್ನ ಮಾರಿ ನೋಡಿದ್ಳು. ನಾ ಮೆಣಸಿನಕಾಯಿ ನೋಡಿದೆ.

ಅವತ್ತಿಂದ ಆ ಪುಸ್ತಕ ಮುಗದಿಲ್ಲರಿ. ಕ್ಯಾಸೆಟ್ಟು ಹೋಗಿ ಸೀಡಿ ಬಂದ್ವು, ಲೈಬ್ರರಿಗೆ ಮಂದಿ ಬರೂದು ಕಡಿಮಿ ಆತು, ಪುಸ್ತಕ ಮಾತ್ರ ನಡದೈತಿ. ಬಾವಿಯಿಂದ ಇಳದಾಕಿ ಖಾನಾವಳಿ ತಗದ್ಳು, ಗೆಳತಿ ರೊಟ್ಟಿ ಬಡದ್ಳು, ಇಬ್ಬರಿಗೂ ಕಣ್ಣಿಗೆ ಚಾಳೀಸು ಬಂತು, ಈಗ ಮೊಣಕಾಲು ನೋಯಾಕತ್ತಾವ. ಅಜ್ಜಿ ದಿನಾ ಮಧ್ಯಾಹ್ನ ನಮ್ಮ ಮಣಿ ಮ್ಯಾಲೆ ಹಾಜರ.

ಮೊನ್ನೆ ಅಜ್ಜಿಗೆ ಸಂಶಯ ಬಂತು. ಗ್ವಾಡಿ ಬಡದು ಕೇಳಿದ್ಳು, "ಅಲ್ಲವಾ, ಕಥ್ಯಾಗ ಇಬ್ಬರು ಹೆಂಗಸರು ಇಷ್ಟ ವರ್ಷ ಒಂದ ಮನ್ಯಾಗ ಅದಾರ. ಅವರ ಮನೀ ಮಾಲಕಿ ಏನೂ ಅನ್ನೂದಿಲ್ಲೇನ?"

ಗ್ವಾಡಿ ಹೇಳಿತು, "ಅಕಿ ಏನ ಅಂತಾಳ್ರಿ ಅಜ್ಜಿ, ಬಾಜೂ ಮನ್ಯಾಗ ಕಥಿ ಕೇಳಕೋತ ಕುಂತಾಳ."