ಸಿಪ್ಪೆ ಹುಡುಕಿದ ಮೇಡಂ

ಸರಿತಾ ಹೀರೇಕಾಯಿಯ ಸಿಪ್ಪೆ ಬೇಕೆಂದೇ ದಪ್ಪಗೆ ಹೆರೆಯುತ್ತಿದ್ದಳು. ಮೂರನೆಯ ಕಾಯಿ ಮುಗಿಯುವಷ್ಟರಲ್ಲಿ ಪಲ್ಯಕ್ಕೆ ಉಳಿದದ್ದು ಪೆನ್ಸಿಲ್ಲಿನಷ್ಟು ತಿರುಳು. ಪಕ್ಕದಲ್ಲಿದ್ದ ಸಿಪ್ಪೆಯ ಚೀಲ ಮಾತ್ರ ಹಬ್ಬದೂಟ ಮುಗಿಸಿದ ಅಳಿಯನ ಹೊಟ್ಟೆಯಂತೆ ಉಬ್ಬಿತ್ತು. ಚಹಾಕ್ಕೆ ಬಂದ ಗಂಡ ಓಂಪ್ರಕಾಶ, ಇವತ್ತು ಡಬ್ಬಿಗೆ ಕಟ್ಟುವುದು ಪಲ್ಯವೋ ಸಿಪ್ಪೆಯೋ ಎಂದು ಕೇಳಿದ. ಅವಳು ನಾಲ್ಕನೆಯ ಕಾಯಿ ಕೈಗೆತ್ತಿಕೊಂಡಳು. ಮಧ್ಯಾಹ್ನ ಮೂರಕ್ಕೆ ಶಾಲೆಯಲ್ಲಿ ತಪಾಸಣೆಯಿತ್ತು.

ಹುಮನಾಬಾದಿನ ಸರಿತಾ ಬಸವಕಲ್ಯಾಣ ತಾಲ್ಲೂಕಿನ ಕೊಹಿನೂರದಾಚೆಯ ಒಂದು ಪುಟ್ಟ ಹಳ್ಳಿಯಲ್ಲಿ ವಿಜ್ಞಾನದ ಟೀಚರು. ಹಸಿರು ಕೌಶಲ ಯೋಜನೆಯಲ್ಲಿ ಪ್ರತಿ ಶಾಲೆಯೂ ಗುಂಡಿ ತೋಡಿ, ಹಸಿ ಕಸದಿಂದ ಗೊಬ್ಬರ ಮಾಡಿ ತೋರಿಸಬೇಕಿತ್ತು. ಮಕ್ಕಳು ಖುಷಿಯಿಂದ ಗುಂಡಿ ತೋಡಿ ಬೋರ್ಡನ್ನೂ ಬರೆದಿದ್ದರು. ತಪಾಸಣೆಯ ದಿನ ಗುಂಡಿ ಖಾಲಿ ಇದ್ದ ಶಾಲೆಯ ಟೀಚರು ದಸರಾ ರಜೆಯಲ್ಲಿ ಬಸವಕಲ್ಯಾಣಕ್ಕೆ ಬಂದು ಐದು ದಿನ ತರಬೇತಿಗೆ ಕೂರಬೇಕೆಂದು ಮುಖ್ಯೋಪಾಧ್ಯಾಯ ವೈಜಿನಾಥ ಸರ್ ಹೇಳಿಬಿಟ್ಟಿದ್ದರು.

ಆ ಐದು ದಿನಗಳ ಮೇಲೆಯೇ ಸರಿತಾಳ ಜೀವ. ಅದೇ ಸಮಯಕ್ಕೆ ಓಂಪ್ರಕಾಶ ಗೆಳೆಯರೊಂದಿಗೆ ಪಂಢರಪುರಕ್ಕೆ ಹೊರಟಿದ್ದ, ಮಗಳು ಸ್ನೇಹಲ್ ಕಾಲೇಜಿನ ಪ್ರವಾಸಕ್ಕೆ. ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ ಮನೆ ಅವಳೊಬ್ಬಳದಾಗುತ್ತಿತ್ತು. ಏನೂ ಮಾಡಬಾರದೆಂದು ನಿರ್ಧರಿಸಿದ್ದಳು. ಆ ಏನೂ ಮಾಡದಿರುವುದನ್ನೇ ಬಹಳ ವಿವರವಾಗಿ ಯೋಚಿಸಿಯೂ ಇಟ್ಟಿದ್ದಳು: ಯಾವ ಕಿಟಕಿ ತೆರೆದಿಡುವುದು, ಯಾವ ಮಗ್ಗುಲಿಗೆ ಮಲಗುವುದು.

ತೊಂದರೆ ಎಂದರೆ ಶಾಲೆಯಿದ್ದ ಹಳ್ಳಿಯಲ್ಲಿ ಕಸವೇ ಇರಲಿಲ್ಲ. ಸಿಪ್ಪೆ ಎಮ್ಮೆಗೆ, ಅಕ್ಕಿ ತೊಳೆದ ನೀರು ಕರುವಿಗೆ, ಉಳಿದ ರೊಟ್ಟಿ ನಾಯಿಗೆ, ಬೂದಿ ಪಾತ್ರೆ ತಿಕ್ಕಲು. ಮನೆಯ ಹಸಿ ಕಸ ತನ್ನಿರಿ ಎಂದು ಹೇಳಿದ ಮರುದಿನ ಏಳನೆಯ ತರಗತಿಯ ಪೂನಂ ಎರಡು ಎಳೆ ಸೌತೆಕಾಯಿ ತಂದಳು. ಟೀಚರ ಕೈಗೆ ಕಸ ಕೊಡುವುದೇನು ಎಂದು ಅವಳವ್ವ ಬೈದಿದ್ದಳಂತೆ. ಇನ್ನೊಬ್ಬಳು ಬೆಣ್ಣೆ ತಂದಳು. ಎರಡು ವಾರದಲ್ಲಿ ಗುಂಡಿಗೆ ಬಿದ್ದದ್ದು ಒಂದು ಚಪ್ಪಲಿ, ಅದನ್ನೂ ಯಾರೋ ಹುಡುಕಿಕೊಂಡು ಬಂದು ಒಯ್ದರು.

ಅದಕ್ಕೇ ಇವತ್ತು ಹುಮನಾಬಾದಿನಿಂದಲೇ ಕಸ ಹೊತ್ತು ಹೊರಟಿದ್ದಳು. ಬಸ್‌ಸ್ಟ್ಯಾಂಡಿನ ಹತ್ತಿರ ತರಕಾರಿ ಮಾರುವ ಅಕ್ಬರಿ, ಕೊಳೆತ ಟೊಮ್ಯಾಟೊ ಮತ್ತು ಹೂಕೋಸಿನ ಎಲೆ ಕೇಳಿದ ಟೀಚರನ್ನು ಮರುಕದಿಂದ ನೋಡಿ, ಮೇಲೊಂದು ತಾಜಾ ಕೊತ್ತಂಬರಿ ಕಟ್ಟನ್ನೂ ಇಟ್ಟಳು. ಬಸ್ಸಿನಲ್ಲಿ ಚೀಲ ಸೋರತೊಡಗಿತು. ಕಂಡಕ್ಟರು ಮೊದಲು ಚೀಲವನ್ನು ಹಿಂದಿನ ಸೀಟಿಗೆ ಕಳಿಸಿದ, ಆಮೇಲೆ ಟೀಚರನ್ನೂ ಕಳಿಸಿದ.

ಶಾಲೆ ಮುಟ್ಟಿದಾಗ ಅಡುಗೆಯ ಜಿಜಾಬಾಯಿ ಬಾಗಿಲಲ್ಲೇ ನಿಂತಿದ್ದಳು. ಬಿಸಿಯೂಟದ ಸಿಪ್ಪೆ ವರ್ಷಗಳಿಂದ ಅವಳ ಎಮ್ಮೆಯ ಪಾಲು. ನಿನ್ನೆ ಸರಿತಾ ಅದನ್ನು ಗುಂಡಿಗೆ ಕೇಳಿದ್ದೇ ಊರೆಲ್ಲ ಬೇರೆ ಸುದ್ದಿಯಾಗಿ ಹಬ್ಬಿತ್ತು.

"ಎಮ್ಮಿ ಯಾವಾಗ ಕೊಂಡ್ರಿ ಮೇಡಂ?"

"ನಾ ಎಲ್ಲಿ ಎಮ್ಮಿ ಕೊಳ್ಳಲಿ, ಜಿಜಾಬಾಯಿ?"

"ಮತ್ತ ಸಿಪ್ಪಿ ಯಾರ್ ತಿಂತಾರ್ರಿ, ನೀವಾ?" ಎಂದವಳು ಚೀಲದೊಳಗೆ ಇಣುಕಿದಳು. "ಊರಿಂದ ಮೇವು ಬ್ಯಾರೆ ತಂದೀರಿ. ನಮ್ಮ ಮುಂದ ಯಾಕ ಮುಚ್ಚಿಡ್ತೀರಿ, ನಾವೇನ್ ಹಾಲ್ ಕೇಳ್ತೀವೇನ್ರಿ?"

ಸರಿತಾ ಗುಂಡಿಗೆ ಚೀಲ ಸುರಿದು ಪಾಠಕ್ಕೆ ಹೋದಳು. ಮಧ್ಯಾಹ್ನ ಮಕ್ಕಳು ಊಟಕ್ಕೆ ಕೂತಿದ್ದಾಗ, ಹಿಂದಿನ ಬೇಲಿ ದಾಟಿ ಪಕ್ಕದ ಹಟ್ಟಿಯ ಮಡೆಪ್ಪ ಕಾಕಾನ ಆಡುಗಳು ಬಂದವು. ಅವಳು ಕೈ ತೊಳೆದು ಹೋಗಿ ನೋಡಿದರೆ ಗುಂಡಿ ನೆಕ್ಕಿದ ತಟ್ಟೆಯಂತೆ ಹೊಳೆಯುತ್ತಿತ್ತು. ಆಡೊಂದು ಬೋರ್ಡಿನ ಅಂಚನ್ನೂ ರುಚಿ ನೋಡುತ್ತಿತ್ತು.

ಮುದುಕ ಮಡೆಪ್ಪ ರುಮಾಲು ತೆಗೆದು ತಲೆ ತಗ್ಗಿಸಿದ. "ತಪ್ಪಾಯ್ತ್ರಿ ಮೇಡಂ. ಆಡಿಗೇನ್ ಗೊತ್ತ್ರಿ, ಇದು ಸಾಲಿ ಅಭ್ಯಾಸ ಅಂತ." ಅಷ್ಟಕ್ಕೇ ಸಮಾಧಾನವಾಗದೆ ಹೋಗಿ, ತನ್ನ ಹಟ್ಟಿಯಿಂದ ನಾಲ್ಕು ಬುಟ್ಟಿ ಹಳೆಯ ಆಡಿನ ಗೊಬ್ಬರ ತಂದು ಗುಂಡಿಗೆ ಸುರಿದ. ಸರಿತಾ ಬೇಡ ಎನ್ನುವಷ್ಟರಲ್ಲಿ ಜೀಪು ಬಂತು.

ತಪಾಸಣೆಗೆ ಬಂದ ಮಹಾರುದ್ರಪ್ಪ ಸಾಹೇಬರು ಒಕ್ಕಲುತನದ ಮನೆಯವರು. ಬಗ್ಗಿ ಒಂದು ಹಿಡಿ ಎತ್ತಿಕೊಂಡು ಮೂಸಿದರು. ಅವರ ಮುಖ ಅರಳಿತು. ವೈಜಿನಾಥ ಸರ್ ಹಿಂದಿನಿಂದ ಸುಮ್ಮನಿರುವಂತೆ ಕಣ್ಸನ್ನೆ ಮಾಡುತ್ತಿದ್ದರು. ಸರಿತಾಳಿಗೆ ಮಕ್ಕಳ ಮುಂದೆ ಸುಳ್ಳಾಡುವುದು ಆಗಲಿಲ್ಲ. ಹೋದರೆ ಐದು ದಿನ ಹೋಗಲಿ ಎಂದು ಗಟ್ಟಿಮನಸ್ಸು ಮಾಡಿದಳು.

"ಸರ್, ಖರೇ ಹೇಳ್ತೀನ್ರಿ. ಹಸಿ ಕಸ ಎಲ್ಲಾ ಆಡು ತಿಂದಾವ. ಇದು ಆಡಿನ ಗೊಬ್ಬರ, ಮಡೆಪ್ಪ ಕಾಕಾ ತಂದು ಹಾಕ್ಯಾನ."

ಸಾಹೇಬರು ಅವಳನ್ನೂ ಗುಂಡಿಯನ್ನೂ ಎರಡು ಸಲ ನೋಡಿದರು.

"ಅಂದ್ರ, ಹಸಿ ಕಸ ಹೋಯ್ತು, ಗೊಬ್ಬರ ಬಂತು. ಎಷ್ಟೊತ್ತು ಹಿಡೀತ್ರಿ?"

"ಎರಡು ತಾಸು, ಸರ್."

"ಬ್ಯಾರೆ ಸಾಲ್ಯಾಗ ಮೂರು ತಿಂಗಳಾದ್ರೂ ನಾತ ಬಿಟ್ರ ಏನೂ ಬರವಲ್ದು. ನೀವು ಊರ ಮಂದೀನ್ನೂ ಸೇರಿಸ್ಕೊಂಡೀರಿ, ಖರೇನೂ ಹೇಳ್ತೀರಿ. ಇಂಥವ್ರೇ ಬೇಕಾಗಿತ್ತು ನನಗ."

ಮಕ್ಕಳು ಚಪ್ಪಾಳೆ ತಟ್ಟಿದರು. ಸರಿತಾಳ ಕಣ್ಣ ಮುಂದೆ ತೆರೆದ ಕಿಟಕಿ, ಚಾಪೆ, ದಿಂಬು ಎಲ್ಲ ಮರಳಿ ಬಂದವು. ಆಗ ಸಾಹೇಬರು ಪೆನ್ನು ತೆಗೆದು ಏನೋ ಬರೆದರು.

"ದಸರಾ ತರಬೇತಿಗೆ ಕಲಿಸೋರು ಇರಲಿಲ್ಲ. ಐದು ದಿವ್ಸಾನೂ ನೀವೇ ಕಲಿಸ್ರಿ. ವೇಳಾಪಟ್ಟಿ ನಿಮಗ ಹ್ಯಾಂಗ ಬೇಕೋ ಹಾಂಗ ಮಾಡ್ರಿ, ನಾ ನಡುವ ಬಾಯಿ ಹಾಕಂಗಿಲ್ಲ."

ಸಂಜೆಯ ಬಸ್ಸಿನಲ್ಲಿ ಅವಳಿಗೆ ಮುಂದಿನ ಸೀಟೇ ಸಿಕ್ಕಿತು. ಸಾಲು ಹೊಲಗಳಲ್ಲಿ ತೊಗರಿ ಹೂ ಬಿಡುವ ಹವಣಿಕೆಯಲ್ಲಿತ್ತು. ಬಸವಕಲ್ಯಾಣ ದಾಟುವವರೆಗೂ ಸಪ್ಪಗಿದ್ದಳು. ಆಮೇಲೆ ಸಾಹೇಬರ ಕೊನೆಯ ಮಾತು ಮೆಲ್ಲಗೆ ಮನಸ್ಸಿಗೆ ಇಳಿಯಿತು. ವೇಳಾಪಟ್ಟಿ ಹ್ಯಾಂಗ ಬೇಕೋ ಹಾಂಗ.

ಅವಳು ಮನಸ್ಸಿನಲ್ಲೇ ಪಟ್ಟಿ ಹಾಕಿದಳು. ಮೊದಲ ದಿನ ಒಂದೇ ಪಾಠ: ಗುಂಡಿ ತೋಡುವ ಮುಂಚೆ ಊರಲ್ಲಿ ಸಿಪ್ಪೆ ಯಾರ ಪಾಲು ಎಂದು ಕೇಳಿಕೊಂಡು ಬರ್ರಿ. ಅದು ನಿಜವಾಗಿಯೂ ಕಲಿಯಬೇಕಾದದ್ದು, ಅವಳಿಗೂ ಇವತ್ತೇ ತಿಳಿದದ್ದು. ಉಳಿದ ನಾಲ್ಕು ದಿನ ಕ್ಷೇತ್ರ ಅಧ್ಯಯನ. ಪ್ರತಿಯೊಬ್ಬ ಟೀಚರೂ ತಮ್ಮ ತಮ್ಮ ಮನೆಯಲ್ಲೇ ಇದ್ದು, ಬೇರೆ ಯಾವ ಕೆಲಸವನ್ನೂ ಹಚ್ಚಿಕೊಳ್ಳದೆ, ದಿನಕ್ಕೆ ಎಷ್ಟು ಕಸ ಬರುತ್ತದೆಂದು ಸುಮ್ಮನೆ ಗಮನಿಸುವುದು. ಕಲಿಸುವವಳಿಗೂ ಅದೇ ನಿಯಮ.

ಮನೆಗೆ ಬಂದಾಗ ಓಂಪ್ರಕಾಶ ತಪಾಸಣೆ ಏನಾಯಿತೆಂದು ಕೇಳಿದ. ರಜೆಯಲ್ಲಿ ಐದು ದಿನ ತರಬೇತಿ ಬಿತ್ತು ಎಂದಳು. ಅಯ್ಯೋ ಪಾಪ ಎಂದು ಅವನು ತಾನೇ ಎದ್ದು ಚಹಾಕ್ಕೆ ನೀರಿಟ್ಟ. ಸರಿತಾ ಬೇಡವೆನ್ನದೆ, ಮುಖ ಆದಷ್ಟೂ ಬಾಡಿದಂತೆ ಇಟ್ಟುಕೊಂಡು ಕೂತಳು.